ಸಸ್ಯ ಸ್ಟೆರಾಲುಗಳು ಮತ್ತು ಮಧುಗಿರಿ ಸೀಮೆಯ ಔಷಧ ಸಸ್ಯಗಳು

ಗಿಡಮರಗಳ ಜೀವಕೋಶದ ಪೊರೆಯಲ್ಲಿ ಇದ್ದು ಅದಕ್ಕೆ ಬಿಗಿ ಕೊಡುವ, ಕೊಬ್ಬಿನ ವರ್ಗಕ್ಕೆ ಸೇರಿದ ಸಂಯುಕ್ತಗಳು ಸಸ್ಯ ಸ್ಟೆರಾಲುಗಳು. ಪ್ರಾಣಿಗಳ ಮೈಯಲ್ಲಿ ಇದೇ ಕೆಲಸವನ್ನು ಕೊಲೆಸ್ಟರಾಲ್ ಮಾಡುತ್ತದೆ. ಎರಡರ ಚೌಕಟ್ಟೂ ಒಂದೇ: ಇಂಗಾಲದ ನಾಲ್ಕು ಉಂಗುರಗಳು, ಅವುಗಳಿಂದ ಹೊರಟ ಒಂದು ಬಾಲ. ಬಾಲಕ್ಕೆ ಎರಡು ಇಂಗಾಲದ ಕೊಂಬೆ ಸೇರಿದರೆ ಬೀಟಾ ಸಿಟೊಸ್ಟೆರಾಲ್, ಒಂದು ಸೇರಿದರೆ ಕ್ಯಾಂಪೆಸ್ಟೆರಾಲ್; ಸಿಟೊಸ್ಟೆರಾಲಿನ ಬಾಲದಲ್ಲಿ ಒಂದು ಜೋಡಿಬಂಧ ಬಂದರೆ ಸ್ಟಿಗ್ಮಾಸ್ಟೆರಾಲ್. ಈವರೆಗೆ ಗುರುತಿಸಿರುವ ಸಸ್ಯ ಸ್ಟೆರಾಲುಗಳು 250ಕ್ಕೂ ಹೆಚ್ಚು. ನಮ್ಮ ಊಟದಲ್ಲಿ ಲೆಕ್ಕಕ್ಕೆ ಬರುವುವು ಮುಖ್ಯವಾಗಿ ಈ ಮೂರೇ.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಈ ವಿಷಯಕ್ಕೆ ಉದಾಹರಣೆಯಾಗಿ ಆರಿಸಿಕೊಳ್ಳಲು ಕಾರಣವಿದೆ. ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಆಡಳಿತ ಒಟ್ಟಿಗೆ ಕಟ್ಟಿರುವ ಈ ನಾಲ್ಕೂ ತಾಲ್ಲೂಕುಗಳು ಕೃಷಿ ವಿಂಗಡಣೆಯಲ್ಲಿ ಕರ್ನಾಟಕದ ಮಧ್ಯ ಒಣವಲಯದವು. ಆ ವಲಯದ ವಾರ್ಷಿಕ ಸರಾಸರಿ ಮಳೆ ಸುಮಾರು 455ರಿಂದ 717 ಮಿಲಿಮೀಟರ್. ಇಲ್ಲಿನ ಕೆಮ್ಮಣ್ಣಿನ ಹೊಲಗಳಲ್ಲಿ ಎಣ್ಣೆಕಾಳು ಹೆಚ್ಚು, ಬಂಡೆಗುಡ್ಡಗಳಲ್ಲಿ ಬೇರು, ಬಳ್ಳಿ, ಮುಳ್ಳುಗಿಡಗಳು ಹೆಚ್ಚು. ಸ್ಟೆರಾಲಿನ ಕಥೆಯಲ್ಲಿ ಎರಡಕ್ಕೂ ಪಾಲಿದೆ, ಆದರೆ ಬೇರೆ ಬೇರೆ ಪಾಲು. ಜನಪ್ರಿಯ ಆರೋಗ್ಯ ಬರಹಗಳು ಈ ಎರಡನ್ನು ಕಲಸಿಬಿಡುತ್ತವೆ.

ಮೈಯಲ್ಲಿ ನಡೆಯುವ ಕೆಲಸ

ಕೊಲೆಸ್ಟರಾಲ್ ನೀರಿನಲ್ಲಿ ಕರಗುವುದಿಲ್ಲ. ಕರುಳಿನಲ್ಲಿ ಪಿತ್ತರಸದ ಲವಣಗಳು ಕಟ್ಟುವ ಮೈಸೆಲ್ ಎಂಬ ಸೂಕ್ಷ್ಮ ಹನಿಗಳಲ್ಲಿ ಸೇರಿಕೊಂಡರೆ ಮಾತ್ರ ಅದು ಕರುಳಿನ ಗೋಡೆಯವರೆಗೆ ಮುಟ್ಟುತ್ತದೆ. ಸಸ್ಯ ಸ್ಟೆರಾಲೂ ಅದೇ ಹನಿಗಳಿಗೆ ನುಗ್ಗುತ್ತದೆ. ಸಂತೆಯ ದಿನ ತುಂಬಿದ ಟೆಂಪೋದಲ್ಲಿ ಮೊದಲು ಹತ್ತಿದವನು ಕೂತಂತೆ, ಸ್ಟೆರಾಲ್ ಕೂತ ಜಾಗ ಕೊಲೆಸ್ಟರಾಲಿಗೆ ಸಿಗದು. ಒಳಗೆ ಹೋದ ಸ್ವಲ್ಪ ಸ್ಟೆರಾಲನ್ನೂ ಕರುಳಿನ ಕೋಶಗಳು ಎಬಿಸಿಜಿ5, ಎಬಿಸಿಜಿ8 ಎಂಬ ಪ್ರೋಟೀನುಗಳ ನೆರವಿನಿಂದ ಮತ್ತೆ ಹೊರಗೆ ದಬ್ಬುತ್ತವೆ. ಹೀಗಾಗಿ ತಿಂದ ಕೊಲೆಸ್ಟರಾಲಿನಲ್ಲಿ ಸರಿಸುಮಾರು ಅರ್ಧ ರಕ್ತ ಸೇರಿದರೆ, ಸಿಟೊಸ್ಟೆರಾಲಿನಲ್ಲಿ ಸೇರುವುದು ನೂರಕ್ಕೆ ಐದಕ್ಕಿಂತ ಕಡಿಮೆ.

ಇದರ ಫಲ ಅಳತೆಗೆ ಸಿಗುವಂಥದು. ದಿನಕ್ಕೆ ಸುಮಾರು 2 ಗ್ರಾಂ ಸ್ಟೆರಾಲ್ ಸೇವಿಸಿದರೆ ಕೆಲವು ವಾರಗಳಲ್ಲಿ ರಕ್ತದ ಎಲ್‌ಡಿಎಲ್ ಕೊಲೆಸ್ಟರಾಲ್ ಶೇ 8ರಿಂದ 10ರಷ್ಟು ಇಳಿಯುತ್ತದೆ. ಇದನ್ನು ಹತ್ತಾರು ಪರೀಕ್ಷೆಗಳು ಒಪ್ಪಿವೆ. ಅಮೆರಿಕದ ಎಲಿ ಲಿಲ್ಲಿ ಕಂಪನಿ 1950ರ ದಶಕದಲ್ಲೇ ಸಿಟೊಸ್ಟೆರಾಲನ್ನು ಸೈಟೆಲಿನ್ ಎಂಬ ಹೆಸರಿನಲ್ಲಿ ಮಾರುತ್ತಿತ್ತು. ಪುಡಿಯಾಗಿ ಸರಿಯಾಗಿ ಕರಗದೆ ದೊಡ್ಡ ಪ್ರಮಾಣ ಬೇಕಾಗುತ್ತಿದ್ದುದರಿಂದ ಅದು ಹಿಂದೆ ಬಿತ್ತು. ಫಿನ್ಲೆಂಡಿನವರು ಸ್ಟೆರಾಲಿನ ಇನ್ನೊಂದು ರೂಪವಾದ ಸ್ಟನಾಲನ್ನು ಕೊಬ್ಬಿಗೆ ಬೆಸೆದು 1995ರಲ್ಲಿ ಬೆನೆಕಾಲ್ ಎಂಬ ಮಾರ್ಗರೀನ್ ತಂದರು. ಅದೇ ವರ್ಷ ಅಲ್ಲಿನ ಮಿಯೆಟ್ಟಿನೆನ್ ತಂಡ 153 ಜನರ ಮೇಲೆ ಒಂದು ವರ್ಷ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿತು. ಒಟ್ಟು ಕೊಲೆಸ್ಟರಾಲ್ ಶೇ 10, ಎಲ್‌ಡಿಎಲ್ ಶೇ 14ರಷ್ಟು ಇಳಿದಿತ್ತು.

ಇಲ್ಲಿಗೆ ನಿಲ್ಲಬೇಕು. ಎಲ್‌ಡಿಎಲ್ ಇಳಿದುದು ಸಾಬೀತಾಗಿದೆ. ಸ್ಟೆರಾಲ್ ತಿಂದವರಲ್ಲಿ ಹೃದಯಾಘಾತ ಕಡಿಮೆಯಾಯಿತು ಎಂದು ತೋರಿಸಿದ ಪರೀಕ್ಷೆ ಇಲ್ಲ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗೆ ಇದು ಬದಲಿಯಲ್ಲ, ಜೊತೆಗೆ ಸ್ವಲ್ಪ ನೆರವು. ಕೆಲವೇ ಮನೆತನಗಳಲ್ಲಿ ಸ್ಟೆರಾಲನ್ನು ಹೊರದಬ್ಬುವ ಪ್ರೋಟೀನು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಅಂಥವರ ರಕ್ತದಲ್ಲಿ ಸ್ಟೆರಾಲ್ ಶೇಖರವಾಗಿ, ಸ್ನಾಯುರಜ್ಜುಗಳಲ್ಲಿ ಗಂಟುಗಳೆದ್ದು, ಚಿಕ್ಕ ವಯಸ್ಸಿಗೇ ಹೃದಯದ ರಕ್ತನಾಳ ಕಟ್ಟುತ್ತದೆ. ಸಿಟೊಸ್ಟೆರೊಲೀಮಿಯ ಎಂಬ ಈ ಕಾಯಿಲೆಯನ್ನು 1974ರಲ್ಲಿ ಭಟ್ಟಾಚಾರ್ಯ ಮತ್ತು ಕಾನರ್ ಇಬ್ಬರು ಅಕ್ಕತಂಗಿಯರಲ್ಲಿ ಗುರುತಿಸಿದರು.

ಕೊಲೆಸ್ಟರಾಲಿನಾಚೆ ಗಟ್ಟಿ ಪುರಾವೆ ಇರುವ ಇನ್ನೊಂದು ಉಪಯೋಗ ವಯಸ್ಸಾದ ಗಂಡಸರ ಪ್ರಾಸ್ಟೇಟ್ ಊತಕ್ಕೆ ಸಂಬಂಧಿಸಿದ್ದು. 1995ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಜರ್ಮನಿಯ ಪರೀಕ್ಷೆಯಲ್ಲಿ 200 ಜನರಿಗೆ ಆರು ತಿಂಗಳು ದಿನಕ್ಕೆ ಮೂರು ಸಲ 20 ಮಿಲಿಗ್ರಾಂ ಬೀಟಾ ಸಿಟೊಸ್ಟೆರಾಲ್ ಅಥವಾ ಹುಸಿಮದ್ದು ಕೊಡಲಾಯಿತು. ಸ್ಟೆರಾಲ್ ಪಡೆದವರಲ್ಲಿ ಮೂತ್ರದ ಹರಿವು ಸುಧಾರಿಸಿತು. ಗ್ರಂಥಿಯ ಗಾತ್ರ ಮಾತ್ರ ಕುಗ್ಗಲಿಲ್ಲ. ಕ್ಯಾನ್ಸರಿನ ಬಗ್ಗೆ ಕೇಳಿಬರುವ ಮಾತುಗಳು ಹೆಚ್ಚಿನಂಶ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕಂಡವು.

ಗಾಣದ ಎಣ್ಣೆ, ಕಾಳು, ಸೊಪ್ಪು

ಸ್ಟೆರಾಲ್ ಮೈಗೆ ಸೇರುವ ದೊಡ್ಡ ದಾರಿ ಎಣ್ಣೆ. ಪಾವಗಡ, ಮಧುಗಿರಿ, ಶಿರಾ ಹೊಲಗಳ ಎಣ್ಣೆಕಾಳೆಂದರೆ ಕಡಲೆಕಾಯಿ. ರಿಫೈನ್ ಮಾಡದ ಕಡಲೆಕಾಯಿ ಎಣ್ಣೆಯ 100 ಗ್ರಾಮಿನಲ್ಲಿ 207 ಮಿಲಿಗ್ರಾಂ, ಹುರಿದ ಬೀಜದ 100 ಗ್ರಾಮಿನಲ್ಲಿ ತಳಿಗನುಗುಣವಾಗಿ 61ರಿಂದ 114 ಮಿಲಿಗ್ರಾಂ ಸ್ಟೆರಾಲ್ ಇದೆಯೆಂದೂ ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಸಿಟೊಸ್ಟೆರಾಲೆಂದೂ 2000ದಲ್ಲಿ ಅಮೆರಿಕದ ಬಫಲೊ ವಿಶ್ವವಿದ್ಯಾನಿಲಯದ ಅವದ್ ಮತ್ತು ಸಂಗಡಿಗರು ಅಳೆದು ತೋರಿಸಿದರು. ಎಳ್ಳೆಣ್ಣೆ ಇದರ ಮೂರ್ನಾಲ್ಕು ಪಟ್ಟು ಸಿರಿವಂತ. ಅಕ್ಕಿ ತೌಡಿನ ಎಣ್ಣೆಯಲ್ಲಿ ಸಾವಿರ ಮಿಲಿಗ್ರಾಮಿಗೂ ಮೇಲೆ. ಕಲ್ಪತರು ನಾಡೆಂದು ಹೆಸರಾದ ಜಿಲ್ಲೆಯ ಕೊಬ್ಬರಿ ಎಣ್ಣೆ ಈ ಲೆಕ್ಕದಲ್ಲಿ ಬಡವ: ನೂರಕ್ಕಿಂತ ಕಡಿಮೆ, ಜೊತೆಗೆ ಪರ್ಯಾಪ್ತ ಕೊಬ್ಬು ಶೇ 90ರ ಹತ್ತಿರ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆಯುತ್ತಿದ್ದ ಹುಚ್ಚೆಳ್ಳಿನ ಎಣ್ಣೆಯಲ್ಲೂ ಸಿಟೊಸ್ಟೆರಾಲೇ ಮುಖ್ಯ. ಅಕ್ಕಡಿ ಹೋದಲ್ಲಿ ಹುಚ್ಚೆಳ್ಳಿನ ಚಟ್ನಿಪುಡಿಯೂ ಅಡುಗೆಮನೆಯಿಂದ ಹೋಯಿತು.

ಆದರೆ ಲೆಕ್ಕ ಹಾಕಿ ನೋಡಿ. ಪರೀಕ್ಷೆಗಳಲ್ಲಿ ಫಲ ಕೊಟ್ಟ 2 ಗ್ರಾಂ ಸ್ಟೆರಾಲನ್ನು ಕಡಲೆಕಾಯಿ ಎಣ್ಣೆಯೊಂದರಿಂದಲೇ ಪಡೆಯಬೇಕಾದರೆ ದಿನಕ್ಕೆ ಸುಮಾರು ಒಂದು ಕೆಜಿ ಎಣ್ಣೆ ಕುಡಿಯಬೇಕು! ಸಾಮಾನ್ಯ ಊಟದಿಂದ ಸಿಗುವುದು ದಿನಕ್ಕೆ 150ರಿಂದ 450 ಮಿಲಿಗ್ರಾಂ. ಪೂರ್ಣ ಸಸ್ಯಾಹಾರಿಗಳಿಗೆ ಇನ್ನಷ್ಟು. ರಾಗಿ ಮುದ್ದೆ, ಹುರುಳಿ ಅಥವಾ ಅವರೆಕಾಳಿನ ಸಾರು, ಕಡಲೆಬೀಜದ ಚಟ್ನಿ, ಹಬ್ಬಕ್ಕೆ ಚಿಗಳಿ ಇರುವ ಊಟ ಈ ಮಟ್ಟವನ್ನು ತಾನಾಗಿ ಮುಟ್ಟೀತು, ಮದ್ದಿನ ಮಟ್ಟವನ್ನಲ್ಲ. ಹೊಲದ ಬದುವಿನಲ್ಲಿ ಆಯ್ದು ತರುವ ಬೆರಕೆ ಸೊಪ್ಪಿನಲ್ಲಿ, ಅಂದರೆ ಅಣ್ಣೆ, ಗೋಣಿ, ಹೊನಗೊನ್ನೆ, ಗಣಿಕೆ ಸೊಪ್ಪುಗಳಲ್ಲಿ, ಸ್ಟೆರಾಲಿನ ಪ್ರಮಾಣ ಸಣ್ಣದು. ಅವುಗಳ ಬೆಲೆ ಕಬ್ಬಿಣ, ಸುಣ್ಣ, ನಾರುಗಳಲ್ಲಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಕೋಷ್ಟಕದಲ್ಲಿ ನಮ್ಮ ಕಾಳುಕಡ್ಡಿಗಳ ಸ್ಟೆರಾಲ್ ಅಳತೆಯೂ ಸೇರಿದೆ. ಪಶ್ಚಿಮದ ಕೋಷ್ಟಕ ನೋಡಿ ಅಂದಾಜು ಮಾಡುವ ಕಾಲ ಮುಗಿದಿದೆ.

ಗಾಣದ ಎಣ್ಣೆಗೆ ಈಚೆಗೆ ಮತ್ತೆ ಬೇಡಿಕೆ ಬಂದಿದೆ. ರಿಫೈನ್ ಮಾಡುವಾಗ ಸ್ಟೆರಾಲಿನ ಒಂದು ಭಾಗ ಕಳೆದುಹೋಗುವುದು ನಿಜ, ಆ ಮಟ್ಟಿಗೆ ಗಾಣದವರ ಮಾತು ಸರಿ. ಹೇಳದೆ ಉಳಿಯುವ ಮಾತೊಂದಿದೆ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ, ಕಿತ್ತ ಕಾಯಿಯನ್ನು ಹಸಿಯಾಗಿಯೇ ಗುಡ್ಡೆ ಹಾಕಿದರೆ, ಕಡಲೆಕಾಯಿಗೆ ಆಸ್ಪರ್ಜಿಲಸ್ ಎಂಬ ಬೂಷ್ಟು ಹಿಡಿದು ಅಫ್ಲಟಾಕ್ಸಿನ್ ಎಂಬ ವಿಷ ಸೇರುತ್ತದೆ. ಯಕೃತ್ತಿನ ಕ್ಯಾನ್ಸರಿಗೆ ಅದು ಕಾರಣ. ಕ್ಷಾರ ಹಾಕಿ ರಿಫೈನ್ ಮಾಡಿದ ಎಣ್ಣೆಯಲ್ಲಿ ಈ ವಿಷ ಬಹುಪಾಲು ಹೊರಟುಹೋಗುತ್ತದೆ, ಗಾಣದ ಎಣ್ಣೆಯಲ್ಲಿ ಉಳಿಯುತ್ತದೆ. ಬೆಳೆಯ ಕೊನೆಗೆ ಬರ ಬೀಳುವುದು ಸಾಮಾನ್ಯವಾದ ಪಾವಗಡದಂಥ ಸೀಮೆಯಲ್ಲಿ ಗಾಣಕ್ಕೆ ಹಾಕುವ ಮುನ್ನ ಸುರುಟಿದ, ಬಣ್ಣಗೆಟ್ಟ ಬೀಜ ಆರಿಸುವ ಕೆಲಸಕ್ಕೆ ಸ್ಟೆರಾಲಿನ ಲಾಭಕ್ಕಿಂತ ಹೆಚ್ಚು ತೂಕ.

ಗುಡ್ಡದ ಗಿಡಗಳು

1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಶಿರಾ, ಮಧುಗಿರಿಗಳ ಮೇಲೆ ಹಾದುಹೋದಾಗ ಬೆಳೆ, ಎಣ್ಣೆ, ಕಾಡಿನ ಗಿಡಗಳನ್ನೆಲ್ಲ ಕೇಳಿ ಬರೆದುಕೊಂಡ. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟಕ್ಕೆ ಔಷಧ ಗಿಡಗಳ ಬೆಟ್ಟವೆಂಬ ಹೆಸರು ಹಳೆಯದು. ಸಿದ್ಧೇಶ್ವರನ ಗುಹೆಗೆ ಹತ್ತುವವರು ಗಿಡಮೂಲಿಕೆಯ ಗಾಳಿಯೂ ಮದ್ದೆಂದು ನಂಬುತ್ತಾರೆ. ಕೊರಟಗೆರೆಗೆ ಸಮೀಪದ ದೇವರಾಯನದುರ್ಗದಲ್ಲಿ ಅರಣ್ಯ ಇಲಾಖೆ ಮತ್ತು 1993ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಸೇರಿ ಔಷಧ ಸಸ್ಯ ಸಂರಕ್ಷಣಾ ಪ್ರದೇಶವೊಂದನ್ನು ಗುರುತಿಸಿವೆ.

ಈ ಗಿಡಗಳ ಬಗ್ಗೆ ಬರುವ ಲೇಖನ, ಕರಪತ್ರ, ಕೆಲವು ಸಂಶೋಧನಾ ಪ್ರಬಂಧಗಳಲ್ಲೂ ಒಂದು ಸಾಲು ತಪ್ಪದೆ ಇರುತ್ತದೆ: ಇದರಲ್ಲಿ ಬೀಟಾ ಸಿಟೊಸ್ಟೆರಾಲ್ ಇದೆ, ಆದ್ದರಿಂದ ಇದು ಔಷಧ. ಅಮೃತಬಳ್ಳಿಯಲ್ಲಿದೆ, ಉತ್ತರಾಣಿಯಲ್ಲಿದೆ, ಸೊಗದೆ ಬೇರಿನಲ್ಲಿದೆ, ಬೇವಿನಲ್ಲಿದೆ. ಇರಲೇಬೇಕು. ಪೊರೆ ಕಟ್ಟಲು ಸ್ಟೆರಾಲ್ ಬೇಕಾದ್ದರಿಂದ ಜಾಲಿಯಲ್ಲೂ ಇದೆ, ಹೊಲದ ಕಳೆಯಲ್ಲೂ ಇದೆ, ದನ ತಿನ್ನುವ ಹುಲ್ಲಿನಲ್ಲೂ ಇದೆ. ಒಂದು ಚಮಚ ಕಷಾಯದ ಪುಡಿಯಲ್ಲಿ ಸೇರುವ ಸ್ಟೆರಾಲ್ ಒಂದು ಹಿಡಿ ಕಡಲೆಬೀಜಕ್ಕೆ ಸಮ ಬರುವುದಿಲ್ಲ. ನೀರಿನಲ್ಲಿ ಕುದಿಸಿದರಂತೂ ಎಣ್ಣೆಯಲ್ಲಿ ಕರಗುವ ಈ ವಸ್ತು ಚರಟದಲ್ಲೇ ಉಳಿಯುತ್ತದೆ. ಗಿಡಕ್ಕೆ ಔಷಧ ಗುಣ ಇದ್ದರೆ ಅದರ ಮೂಲವನ್ನು ಬೇರೆಡೆ ಹುಡುಕಬೇಕು.

ಎಷ್ಟೋ ಸಲ ಆ ಮೂಲ ಸಿಗುವುದು ಸ್ಟೆರಾಲಿನ ದಾಯಾದಿಗಳಲ್ಲಿ. ಗಿಡ ತನ್ನ ಸ್ಟೆರಾಲಿನ ನಾಲ್ಕುಂಗುರದ ಚೌಕಟ್ಟಿಗೆ ಇನ್ನೇನೋ ಸೇರಿಸಿ ಬೇರೆ ಅಣುಗಳನ್ನು ಕಟ್ಟಿಕೊಳ್ಳುತ್ತದೆ. ಪಾಳುಭೂಮಿಯ ಅಶ್ವಗಂಧ, ಅಂದರೆ ಹಿರೇಮದ್ದಿನ ಗಿಡ, ಹೀಗೆ ವಿಥನೊಲೈಡುಗಳನ್ನು ಮಾಡುತ್ತದೆ. 2012ರಲ್ಲಿ ಪ್ರಕಟವಾದ ಹೈದರಾಬಾದಿನ ಪರೀಕ್ಷೆಯಲ್ಲಿ 64 ಜನರಿಗೆ 60 ದಿನ ಬೇರಿನ ಸಾರ ಅಥವಾ ಹುಸಿಮದ್ದು ಕೊಟ್ಟಾಗ, ಸಾರ ಪಡೆದವರಲ್ಲಿ ಮಾನಸಿಕ ಒತ್ತಡದ ಅಂಕಗಳೂ ಒತ್ತಡದ ಹಾರ್ಮೋನಾದ ಕಾರ್ಟಿಸಾಲಿನ ಮಟ್ಟವೂ ಇಳಿದವು. ಪರೀಕ್ಷೆ ಸಣ್ಣದು, ಆದರೂ ಹುಸಿಮದ್ದಿನೊಂದಿಗೆ ಹೋಲಿಸಿದ್ದು ಅದರ ಬಲ. ಇದೇ ಗಿಡದ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ಹಲವು ದೇಶಗಳಿಂದ ವರದಿಯಾಗಿವೆ. ಡೆನ್ಮಾರ್ಕ್ 2023ರಲ್ಲಿ ಪೂರಕ ಆಹಾರಗಳಲ್ಲಿ ಅಶ್ವಗಂಧವನ್ನು ನಿಷೇಧಿಸಿತು. ಕೆಮ್ಮು, ದಮ್ಮಿಗೆ ಬಳಸುವ ನೆಲಗುಳ್ಳದಲ್ಲಿ ಸೊಲಸೊಡಿನ್ ಇದೆ. ಸ್ಟೆರಾಯ್ಡ್ ಔಷಧ ತಯಾರಿಕೆಗೆ ಅದು ಕಚ್ಚಾವಸ್ತು. ಚಿಕಾಗೋದ ಗ್ಲಿಡನ್ ಕಂಪನಿಯಲ್ಲಿ ಪರ್ಸಿ ಜೂಲಿಯನ್ ಸೋಯಾ ಎಣ್ಣೆಯ ಸ್ಟಿಗ್ಮಾಸ್ಟೆರಾಲಿನಿಂದ ಪ್ರೊಜೆಸ್ಟೆರಾನ್ ತಯಾರಿಸಿದ್ದೂ ಇದೇ ಬಂಧುತ್ವದ ಬಲದಿಂದ.

ನೆಗ್ಗಿಲು ಮುಳ್ಳು ಇನ್ನೊಂದು. ಬರಿಗಾಲಿನಲ್ಲಿ ಹೊಲಕ್ಕೆ ಹೋದವರೆಲ್ಲ ಬಲ್ಲ ಈ ನೆಲಬಳ್ಳಿಯ ಕಾಯಿಯನ್ನು ಉರಿಮೂತ್ರ, ಕಲ್ಲಿನ ತೊಂದರೆಗೆ ಕೊಡುವುದು ಆಯುರ್ವೇದದಲ್ಲೂ ಹಳ್ಳಿಮದ್ದಿನಲ್ಲೂ ರೂಢಿ. ಇದರಲ್ಲಿರುವ ಪ್ರೊಟೊಡಯೊಸಿನ್ ಸ್ಟೆರಾಲ್ ಚೌಕಟ್ಟಿನ ಸಪೋನಿನ್. ದೇಹದಾರ್ಢ್ಯದ ಪುಡಿಗಳಲ್ಲಿ ಟೆಸ್ಟೊಸ್ಟೆರಾನ್ ಏರಿಸುತ್ತದೆಂದು ಇದನ್ನು ಮಾರುತ್ತಾರೆ. ಮನುಷ್ಯರಲ್ಲಿ ನಡೆದ ಪರೀಕ್ಷೆಗಳು ಅದನ್ನು ಎತ್ತಿಹಿಡಿದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಇದನ್ನು ವಿಪರೀತ ಮೇಯ್ದ ಕುರಿಗಳ ಪಿತ್ತನಾಳದಲ್ಲಿ ಹರಳು ಕಟ್ಟಿ, ಮುಖ ಊದಿ, ಬಿಸಿಲು ತಾಗಿದಲ್ಲಿ ಚರ್ಮ ಸುಲಿಯುವ ಕಾಯಿಲೆ ಬರುತ್ತದೆ. ಶಿರಾ, ಪಾವಗಡದಂಥ ಕುರಿಸೀಮೆಯ ಓದುಗರಿಗೆ ಇದು ದೂರದ ಸುದ್ದಿಯಲ್ಲ.

ಅದೇ ನಾಲ್ಕುಂಗುರ ವಿಷವೂ ಆಗುತ್ತದೆ. ಎಕ್ಕದ ಹಾಲು, ಕಣಗಿಲೆಯ ಬೇರು ಮತ್ತು ಬೀಜ, ಗುಡ್ಡದ ಕಾಡು ಈರುಳ್ಳಿ ಇವುಗಳಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ಗ್ಲೈಕೊಸೈಡುಗಳಿವೆ. ಗಿಡದ್ದು ಎಂದ ಮಾತ್ರಕ್ಕೆ ನಿರಪಾಯ ಎನ್ನುವವರು ಬೇಲಿಯ ಕಣಗಿಲೆಯನ್ನು ಮರೆತಿರುತ್ತಾರೆ.

ಮಂಗರವಳ್ಳಿಯ ಕಥೆ ಬೇರೆ. ಬಂಡೆಯ ಸಂದಿ, ಕಳ್ಳಿಬೇಲಿಗಳ ಮೇಲೆ ಹಬ್ಬುವ, ಚೌಕನೆಯ ಕಾಂಡದ ಈ ಬಳ್ಳಿಯನ್ನು ಮುರಿದ ಮೂಳೆಗೆ ಕಟ್ಟುವುದು, ಎಳೆಯ ಕಾಂಡವನ್ನು ಹುರಿದು ಚಟ್ನಿ ಮಾಡುವುದು ಎರಡೂ ಬಳಕೆಯಲ್ಲಿವೆ. ಇದನ್ನು ಪ್ರಯೋಗಾಲಯಕ್ಕೆ ತಂದವರಲ್ಲಿ ಉಡುಪಿ ಸೀಮೆಯಿಂದ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಹೋಗಿ ಹೆಸರಾದ ಶಸ್ತ್ರವೈದ್ಯ ಕೆ. ಎನ್. ಉಡುಪರು ಪ್ರಮುಖರು. ಅವರೂ ಜಿ. ಪ್ರಸಾದರೂ 1964ರಲ್ಲಿ ವಿಕಿರಣಶೀಲ ಕ್ಯಾಲ್ಸಿಯಂ ಬಳಸಿ, ಪ್ರಾಣಿಗಳಲ್ಲಿ ಮುರಿದ ಮೂಳೆ ಕೂಡುವಿಕೆ ಈ ಬಳ್ಳಿಯಿಂದ ಬೇಗವಾಗುವುದನ್ನು ತೋರಿಸಿದರು. ಬಳ್ಳಿಯಲ್ಲಿನ ಸ್ಟೆರಾಯ್ಡ್ ಜಾತಿಯ ಅಂಶವೇ ಅದಕ್ಕೆ ಕಾರಣವೆಂದು ಆಗ ಊಹಿಸಲಾಯಿತು. ಎಲುಬು ಜಾರಿದ್ದರೆ ಮೊದಲು ಸರಿಯಾಗಿ ಕೂಡಿಸಬೇಕು. ಬಳ್ಳಿ ಆ ಕೆಲಸ ಮಾಡದು.

ಸ್ಟೆರಾಲಿಗೆ ಸಂಬಂಧವೇ ಇಲ್ಲದೆ ಹೆಸರು ಮಾಡಿದ ಗಿಡಗಳೂ ಇಲ್ಲಿ ಸಾಕಷ್ಟಿವೆ. ಮಧುನಾಶಿನಿಯ ಎಲೆ ಅಗಿದರೆ ಸ್ವಲ್ಪ ಹೊತ್ತು ಸಕ್ಕರೆ ಮರಳಿನಂತಾಗುವುದು ಅದರ ಜಿಮ್ನೆಮಿಕ್ ಆಮ್ಲಗಳಿಂದ. ತಂಗಡಿ ಹೂವಿನ ಕಷಾಯವನ್ನೂ ಹೊನ್ನೆ ಮರದ ಲೋಟದಲ್ಲಿಟ್ಟ ನೀರನ್ನೂ ಸಕ್ಕರೆ ಕಾಯಿಲೆಗೆ ಬಳಸುತ್ತಾರೆ. ಇವುಗಳ ಪರೀಕ್ಷೆಗಳು ಬಹುತೇಕ ಸಣ್ಣವು, ಹಲವು ಹೋಲಿಕೆಯ ಗುಂಪೇ ಇಲ್ಲದವು. ಮಾತ್ರೆ ನುಂಗುತ್ತಿರುವವರು ಜೊತೆಗೆ ಇವನ್ನೂ ತೆಗೆದುಕೊಂಡರೆ ಸಕ್ಕರೆ ದಿಢೀರನೆ ಇಳಿಯುವ ಅಪಾಯವಿದೆ. ವೈದ್ಯರಿಗೆ ಹೇಳುವುದು ಅಗತ್ಯ. ಅಮೃತಬಳ್ಳಿಯ ಕಷಾಯ ಕೊರೊನಾ ಕಾಲದಲ್ಲಿ ಮನೆಮನೆಗೆ ಬಂತು. ಅದನ್ನು ಸೇವಿಸಿ ಯಕೃತ್ತಿಗೆ ಪೆಟ್ಟಾದ ರೋಗಿಗಳ ವಿವರವನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದರು, ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ.

ನಂಬಿಕೆಯನ್ನು ಪರೀಕ್ಷೆ ಹೇಗೆ ತಿದ್ದಬಹುದು ಎಂಬುದಕ್ಕೆ ಗುಗ್ಗುಳು ಒಳ್ಳೆಯ ನಿದರ್ಶನ. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೊದಲ ಮಹಿಳಾ ಮಹಾನಿರ್ದೇಶಕರಾದ ಜಿ. ವಿ. ಸತ್ಯವತಿ 1966ರ ತಮ್ಮ ಬನಾರಸ್ ಪ್ರಬಂಧದಲ್ಲಿ, ಗುಗ್ಗುಳು ಅಂಟು ಮೊಲಗಳ ಕೊಲೆಸ್ಟರಾಲ್ ಇಳಿಸುವುದನ್ನು ತೋರಿಸಿದರು. ಅದರ ಗುಗ್ಗುಲ್‌ಸ್ಟೆರೋನ್ ಸ್ಟೆರಾಲಿನ ಹತ್ತಿರದ ಬಂಧು. ಭಾರತದಲ್ಲಿ ಅದು ಔಷಧವಾಗಿ ಮಾರುಕಟ್ಟೆಗೂ ಬಂತು. 2003ರಲ್ಲಿ ಅಮೆರಿಕದಲ್ಲಿ 103 ಜನರ ಮೇಲೆ ಎಂಟು ವಾರ ನಡೆದ ಪರೀಕ್ಷೆಯಲ್ಲಿ ಎಲ್‌ಡಿಎಲ್ ಇಳಿಯುವ ಬದಲು ತುಸು ಏರಿತು. ಊಟದ ಪದ್ಧತಿ ಬೇರೆಯಾದುದರಿಂದ ಹೀಗಾಯಿತೆಂದು ವಾದಿಸುವವರಿದ್ದಾರೆ. ಹಾಗಿದ್ದರೆ ಅಷ್ಟೇ ಬಿಗಿಯಾದ ಪರೀಕ್ಷೆಯನ್ನು ನಮ್ಮ ಊಟದವರ ಮೇಲೆ ಮಾಡಿ ತೋರಿಸುವುದು ನ್ಯಾಯ.

ಹುಣಸೆ ಮತ್ತು ಫ್ಲೋರೈಡ್

ಪಾವಗಡದ ಆರೋಗ್ಯವನ್ನು ಕುರಿತು ಬರೆದು ಕೊಳವೆಬಾವಿಯ ನೀರನ್ನು ಬಿಟ್ಟರೆ ಲೇಖನ ಅರ್ಧವಾದೀತು. ಪಾವಗಡ, ಶಿರಾ, ಮಧುಗಿರಿಗಳ ಅಂತರ್ಜಲದಲ್ಲಿ ಅನೇಕ ಕಡೆ ಫ್ಲೋರೈಡ್, ಭಾರತೀಯ ಮಾನಕದ ಗರಿಷ್ಠ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಮನ್ನು ದಾಟುತ್ತದೆ. ಹಲ್ಲಿನ ಮೇಲೆ ಕಂದು ಪಟ್ಟೆ, ಮುಂದುವರಿದರೆ ಬೆನ್ನು, ಕೀಲು ಬಿಗಿಯುವುದು ಇದರ ಫಲ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಖಾಂಡರೆ ಮತ್ತು ಸಂಗಡಿಗರು ಶಾಲಾ ಹುಡುಗರಿಗೆ ದಿನಕ್ಕೆ 10 ಗ್ರಾಂ ಹುಣಸೆಯನ್ನು 18 ದಿನ ಕೊಟ್ಟು ನೋಡಿದಾಗ, ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚಾಯಿತು; ವರದಿ 2002ರಲ್ಲಿ ಪ್ರಕಟವಾಯಿತು. ಹುಣಸೆ ಈ ಸೀಮೆಯ ದಿನದ ಸಾರಿನ ಹುಳಿ, ಬದುವಿನ ಮರ, ತುಮಕೂರು ಮಾರುಕಟ್ಟೆಯ ಸರಕು. ಹುಣಸೆ ಹುಳಿಯಿಂದ ಕೆಟ್ಟ ನೀರು ಒಳ್ಳೆಯದಾಗುವುದಿಲ್ಲ, ಶುದ್ಧ ನೀರಿಗೆ ಅದು ಬದಲಿಯೂ ಅಲ್ಲ. ಆದರೆ ಇಲ್ಲಿನ ಜನರ ನಿಜವಾದ ತೊಂದರೆಯೊಂದನ್ನು ಹಿಡಿದು, ಅವರೇ ತಿನ್ನುವ ವಸ್ತುವನ್ನು, ಅವರು ತಿನ್ನಬಹುದಾದ ಪ್ರಮಾಣದಲ್ಲಿ ಪರೀಕ್ಷಿಸಿದ ಕೆಲಸ ಎಂಬ ಕಾರಣಕ್ಕೆ, ಸಿಟೊಸ್ಟೆರಾಲ್ ಇದೆ ಎಂದಷ್ಟೇ ಹೇಳುವ ನೂರು ಪ್ರಬಂಧಗಳಿಗಿಂತ ಇದು ಮೇಲು.

ಬೇರು ಕೀಳುವ ಕಷ್ಟ

ಬಂಡೆಸಂದಿಯಲ್ಲಿ ಬೇರುಬಿಡುವ ಮಾಕಳಿ ಬಳ್ಳಿ ಈ ಗುಡ್ಡಗಳ ಗುರುತಿನ ಗಿಡ. ಬೇರಿನ ಉಪ್ಪಿನಕಾಯಿ, ಹಸಿವೆಗೆ ಮದ್ದು, ಕಾಳಿನ ಮಡಕೆಯಲ್ಲಿಟ್ಟರೆ ಹುಳಕ್ಕೆ ತಡೆ. ಅದರ ಘಮಲಿಗೆ ಕಾರಣವಾದ ಅಣು ವೆನಿಲಾದ ಘಮದ ವೆನಿಲಿನ್ನಿನ ಅಷ್ಟೇ ಪರಮಾಣುಗಳನ್ನು ಬೇರೆ ಜೋಡಣೆಯಲ್ಲಿ ಹೊಂದಿರುವಂಥದು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಇದರ ಸೂಕ್ಷ್ಮಜೀವಿನಾಶಕ ಮತ್ತು ಉತ್ಕರ್ಷಣ ತಡೆಯುವ ಗುಣಗಳನ್ನು ಅಭ್ಯಸಿಸಿದೆ. ತೊಂದರೆ ಬೇರಿನದೇ. ಎಲೆ, ಹೂ, ಕಾಯಿ ಕೊಡುವ ತಂಗಡಿ, ನೆಗ್ಗಿಲುಗಳು ಕೊಯ್ದರೂ ಮತ್ತೆ ಬರುತ್ತವೆ. ಮಾಕಳಿ, ಶತಾವರಿ, ಸೊಗದೆಗಳನ್ನು ಅಗೆದರೆ ಗಿಡವೇ ಹೋಗುತ್ತದೆ. ಮಾಕಳಿ ಈಗ ಅಳಿವಿನಂಚಿನ ಸಸ್ಯಗಳ ಪಟ್ಟಿಯಲ್ಲಿದೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ ಕಾಡು 2019ರಲ್ಲಿ ಚಿಂಕಾರಗಳಿಗಾಗಿ ವನ್ಯಧಾಮವಾದ ಮೇಲೆ ಅದರೊಳಗೆ ಬೇರು ಅಗೆಯುವುದು ಕಾನೂನಿಗೆ ವಿರುದ್ಧ, ಹೊರಗಿನ ಗುಡ್ಡಗಳಲ್ಲಿ ತಡೆ ಅಷ್ಟಿಲ್ಲ. ಬೀಜದಿಂದಲೂ ಅಂಗಾಂಶ ಕೃಷಿಯಿಂದಲೂ ಮಾಕಳಿ ಸಸಿ ಎಬ್ಬಿಸಬಹುದು. ಆದರೆ ಬೇರು ಮಾರಾಟಕ್ಕೆ ಬರುವಷ್ಟು ದಪ್ಪವಾಗಲು ವರ್ಷಗಳು ಬೇಕು, ಗುಡ್ಡದಲ್ಲಿ ಅದನ್ನು ಅಗೆದು ತರಲು ಒಂದು ಹಾರೆ, ಒಂದು ಹೊತ್ತು ಸಾಕು.